ಉಡುಪಿಯಿಂದ ಕುದುರೆಮುಖಕ್ಕೆ: ಹೆದ್ದಾರಿಯ ಹಕ್ಕು, ಕಾಡಿನ ಅನುಮತಿ

ಉಡುಪಿಯಿಂದ ಕಾರ್ಕಳ, ಬಜಗೋಳಿ ದಾಟಿ ಘಟ್ಟ ಹತ್ತುವ ದಾರಿ ಕಾರ್ಕಳದಿಂದಾಚೆ ರಾಷ್ಟ್ರೀಯ ಹೆದ್ದಾರಿ 169ರ ಭಾಗವೇ ಆಗಿದ್ದರೂ, ಮಾಳದಿಂದ ಮೇಲೆ ಅದು ಹೆದ್ದಾರಿಯಂತೆ ಕಾಣುವುದಿಲ್ಲ. ತಿರುವುಗಳು ಹೆಚ್ಚು, ಅಗಲ ಕಡಿಮೆ. ಸರ್ಕಾರದ ಉದಾಸೀನದಿಂದ ಹೀಗಾಗಿದೆ ಎಂದು ಬೈಯುತ್ತಲೇ ಗಾಡಿ ಓಡಿಸುವವರಿದ್ದಾರೆ. ಆದರೆ ಈ ದಾರಿ ಹಾದುಹೋಗುವ, 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನ ಸುಮಾರು 600 ಚದರ ಕಿಲೋಮೀಟರ್ ಹರಡಿಕೊಂಡಿದೆ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯಂತೆ ಅರಣ್ಯಭೂಮಿಯನ್ನು ರಸ್ತೆಗೆ ಬಳಸಲು ಸಾಮಾನ್ಯವಾಗಿ ಕೇಂದ್ರದ ಪೂರ್ವಾನುಮತಿ ಬೇಕಾಗುತ್ತದೆ. ಉದ್ಯಾನದೊಳಗಾದರೆ ವನ್ಯಜೀವಿ ಕಾನೂನಿನ ತಡೆಯನ್ನೂ ದಾಟಬೇಕು. ಆದ್ದರಿಂದ ಈ ರಸ್ತೆ ಮುಂದಿನ ವರ್ಷ ಅಗಲವಾದೀತೆಂದು ಕಾಯದೆ, ಇರುವ ರಸ್ತೆಗೆ ತಕ್ಕಂತೆ ಸಮಯ ಹೊಂದಿಸಿಕೊಳ್ಳಿ. ಕಾರ್ಕಳದಲ್ಲಿಯೇ ತಿಂಡಿ ಮುಗಿಸಿ, ಪೆಟ್ರೋಲ್ ತುಂಬಿಸಿಕೊಂಡು ಬೆಳಿಗ್ಗೆ ಬೇಗ ಘಟ್ಟ ಹತ್ತುವುದು ಒಳ್ಳೆಯದು. ಮಾಳದ ನಂತರ ಮೊಬೈಲ್ ನೆಟ್‌ವರ್ಕನ್ನು ನಂಬುವಂತಿಲ್ಲ.

ಎಸ್.ಕೆ. (ಸೌತ್ ಕೆನರಾ) ಬಾರ್ಡರಿನಲ್ಲಿ ದಾರಿ ಕವಲೊಡೆದು ಒಂದು ಶೃಂಗೇರಿಗೂ ಇನ್ನೊಂದು ಕುದುರೆಮುಖ, ಕಳಸಗಳಿಗೂ ಹೋಗುತ್ತದೆ. ಅರಣ್ಯ ಇಲಾಖೆಯ ಗೇಟಿನಲ್ಲಿ ವಾಹನದ ಸಂಖ್ಯೆಯನ್ನೂ ಪ್ರವೇಶಿಸಿದ ಸಮಯವನ್ನೂ ಬರೆದು ಚೀಟಿ ಕೊಡುತ್ತಾರೆ. ನಡುವೆ ಎಲ್ಲಿಯಾದರೂ ಬಹಳ ಹೊತ್ತು ನಿಂತಿದ್ದರೆ ಮುಂದಿನ ಗೇಟಿನಲ್ಲಿ ಅದು ತಿಳಿದುಬಿಡುತ್ತದೆ. ಸಾರ್ವಜನಿಕ ರಸ್ತೆಯಲ್ಲಿ ಈ ಚೀಟಿ ಏಕೆ ಎಂದು ನಮ್ಮ ಜೊತೆಗಿದ್ದವರೊಬ್ಬರು ಕೇಳಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ಅಭಯಾರಣ್ಯಕ್ಕೆ ಅನುಮತಿಯಿಲ್ಲದೆ ಪ್ರವೇಶಿಸುವುದನ್ನು ತಡೆಯುತ್ತದೆ, ಆದರೆ ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರಿಗೆ ವಿನಾಯಿತಿ ಕೊಡುತ್ತದೆ. ಈ ಸೆಕ್ಷನ್ ರಾಷ್ಟ್ರೀಯ ಉದ್ಯಾನಕ್ಕೂ ಅನ್ವಯಿಸುತ್ತದೆ. ಅಂದರೆ ಹಾದುಹೋಗುವ ಹಕ್ಕು ನಮಗಿದೆ, ಡಾಂಬರು ಬಿಟ್ಟು ಹುಲ್ಲುಗಾವಲಿಗೆ ಇಳಿಯುವ ಹಕ್ಕಿಲ್ಲ. ರಸ್ತೆಬದಿಯಲ್ಲಿ ಗಾಡಿ ನಿಲ್ಲಿಸಿ ಗುಡ್ಡ ಹತ್ತಿ ಫೋಟೊ ತೆಗೆಸಿಕೊಳ್ಳುವವರಿಗೆ ಬೀಳುವ ದಂಡಕ್ಕೆ ಮೂಲ ಇಲ್ಲಿದೆ. ಅದೇ ಸೆಕ್ಷನ್ ಪ್ರಾಣಿಗಳನ್ನು ಕೆಣಕುವುದನ್ನೂ ಕಸ ಚೆಲ್ಲುವುದನ್ನೂ ನಿಷೇಧಿಸುತ್ತದೆ. ಮಂಗಗಳಿಗೆ ಬಿಸ್ಕತ್ತು ಎಸೆಯುವ ಚಟವಿದ್ದವರು ಮನೆಯಲ್ಲೇ ಬಿಟ್ಟು ಬರಲಿ.

ಇಳಿದು ನೋಡಲು ಹನುಮಾನ್ ಗುಂಡಿ ಜಲಪಾತಕ್ಕೆ ಟಿಕೆಟ್ ಪಡೆದು ಹೋಗಬಹುದು. ಕುದುರೆಮುಖ ಪಟ್ಟಣದಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ 2005ರ ಕೊನೆಗೆ ನಿಂತಿತು. ಅದಕ್ಕೆ ಕಾರಣ ಸುಪ್ರೀಂ ಕೋರ್ಟಿನ 2002ರ ತೀರ್ಪು. ಇಲ್ಲಿನ ಅದಿರು ಕೊಳವೆಯಲ್ಲಿ ಮಂಗಳೂರಿನ ಪಣಂಬೂರಿನವರೆಗೆ ಹರಿದುಹೋಗುತ್ತಿತ್ತು ಎಂದರೆ ಈಗಿನ ಮಕ್ಕಳು ನಂಬುವುದು ಕಷ್ಟ.

ಶಿಖರಕ್ಕೆ ಹೋಗುವವರ ಕ್ರಮವೇ ಬೇರೆ. ಚಾರಣಕ್ಕೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಬೇಕು. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯದ ಜಾಗಗಳು ಬೇಗ ತುಂಬುತ್ತವೆ, ಗುರುತಿನ ಚೀಟಿಯಿಲ್ಲದೆ ಬಂದವರು ಗೇಟಿನಿಂದಲೇ ಮರಳಬೇಕಾಗುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯದಿಂದ ದಾರಿ ಮುಚ್ಚುವುದುಂಟು, ಮಳೆಗಾಲದಲ್ಲಿ ಇಂಬಳಗಳ ಕಾಟ. ಬೆಟ್ಟದಲ್ಲಿ ರಾತ್ರಿ ತಂಗಲು ಅವಕಾಶವಿಲ್ಲ. ಸಂಸೆಯ ಕಡೆಯಿಂದ, ಚಾರಣ ಶುರುವಾಗುವ ಮುಳ್ಳೋಡಿಗೆ ಹೋಗುವ ಕಚ್ಚಾ ರಸ್ತೆಗೆ ನಮ್ಮ ಕಾರುಗಳು ತಕ್ಕವಲ್ಲ. ಸ್ಥಳೀಯರ ಜೀಪೇ ಬೇಕು.

ಆ ಕಚ್ಚಾ ರಸ್ತೆಗೆ ಡಾಂಬರು ಹಾಕಿಸಿದರೆ ಪ್ರವಾಸಿಗರಿಗೆ ಅನುಕೂಲ ಎಂಬ ಮಾತು ಜೀಪಿನಲ್ಲಿಯೇ ಕೇಳಿಬಂತು. ಪ್ರವಾಸಿಗನ ಅನುಕೂಲಕ್ಕೆ ಕಾಡಿನಲ್ಲಿ ರಸ್ತೆ ಕೇಳುವುದು ನನಗೆ ಒಪ್ಪಿಗೆಯಿಲ್ಲ. ಒಳಗೆ ತಲೆಮಾರುಗಳಿಂದ ವಾಸಿಸುವ ಮಲೆಕುಡಿಯ ಬುಡಕಟ್ಟಿನವರಂಥವರು ರೋಗಿಯನ್ನು ಹೊತ್ತು ತರುವ ಕಷ್ಟಕ್ಕಾಗಿ ಕೇಳುವುದು ಬೇರೆ ವಿಷಯ. ಅವರಿಗಾಗಿ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ದಾರಿಯಿದೆ: ರಸ್ತೆ, ಶಾಲೆ, ಅಂಗನವಾಡಿಯಂಥ 13 ಬಗೆಯ ಸೌಲಭ್ಯಗಳಿಗೆ, ಪ್ರತಿಯೊಂದಕ್ಕೂ ಒಂದು ಹೆಕ್ಟೇರಿಗಿಂತ ಕಡಿಮೆ ಭೂಮಿಯನ್ನು, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಕಡಿಯದ ಷರತ್ತಿನೊಡನೆ, ಗ್ರಾಮಸಭೆಯ ಶಿಫಾರಸಿನ ಮೇಲೆ ಕೊಡಬಹುದು. ಜೀಪಿನ ಬಾಡಿಗೆಯನ್ನು ಹಿಂದಿನ ದಿನವೇ ಮಾತನಾಡಿಕೊಳ್ಳಿ, ಚಾರಣ ಮುಗಿಸಿ ಕತ್ತಲಾಗುವ ಮೊದಲು ಘಟ್ಟ ಇಳಿಯುವಂತೆ ಹೊರಡಿ.