ಘಾಟಿ ಹತ್ತಿತು: 14 ವ್ಯಾಗನ್, ಮೂರು ತಿರುವು, ಒಬ್ಬ ಕಾಕಾ

ಕೊನೆಗೂ ಹತ್ತಿತು! ಭಾನುವಾರ ಸಂಜೆ ನಮ್ಮ ಮಾದರಿ ರೈಲು, 14 ಬಾಕ್ಸ್‌ಎನ್ (ಮೇಲೆ ತೆರೆದ) ವ್ಯಾಗನ್‌ಗಳ ಗೂಡ್ಸ್ ಗಾಡಿ, ಮೂರೂ ತಿರುವು ದಾಟಿ ದೋಣಿಗಲ್ ನಿಲ್ದಾಣದ ಮಾಡ್ಯೂಲ್ (ಜೋಡಿಸುವ ಹಲಗೆಯ ತುಂಡು) ಮುಟ್ಟಿತು. ಮಂಗಳೂರಿನ ಅಕ್ಕ ಕೂಗಿದ ಕೂಗಿಗೆ ಪಕ್ಕದ ಮನೆಯವರು ಗೇಟಿನ ಹತ್ತಿರ ಬಂದು ನಿಂತಿದ್ದರು.

ನಾವು ಆರು ಜನ. ನಾಲ್ಕು ವರ್ಷದಿಂದ ರೈಲಿನ ಹುಚ್ಚಿನಿಂದಲೇ ಪರಿಚಯ, ಆದರೆ ಮುಖಾಮುಖಿ ಸೇರಿದ್ದು ಇದೇ ಮೊದಲು. ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯನ್ನು ಎಚ್‌ಒ ಸ್ಕೇಲಿನಲ್ಲಿ (ನಿಜದ 87ರಲ್ಲಿ ಒಂದು ಪಾಲು) ಕಟ್ಟೋಣ ಅಂತ ಮಾಡ್ಯೂಲ್‌ಗಳನ್ನು ನಮ್ಮೊಳಗೇ ಹಂಚಿಕೊಂಡಿದ್ದೆವು. ಶುಕ್ರವಾರ ಎಲ್ಲ ತುಂಡುಗಳೂ ಹಾಸನದ ನಮ್ಮ ಮನೆಯ ಹಾಲ್‌ಗೆ ಬಂದವು. ಹುಬ್ಬಳ್ಳಿ ಕಾಕಾ ತಮ್ಮ ಸೇತುವೆಯನ್ನು ರೈಲಿನಲ್ಲಿ ರಾತ್ರಿಯಿಡೀ ಮಡಿಲಲ್ಲಿ ಇಟ್ಟುಕೊಂಡು ಬಂದಿದ್ದರು. ಒಂದು ಕಮಾನಿಗೂ ಪೆಟ್ಟಾಗಿರಲಿಲ್ಲ. ಬೋಲ್ಟ್ ಹಾಕಿದ್ದು, ವೈರಿಂಗ್ ಎಲ್ಲ ದೊಡ್ಡ ಕಥೆ. ಅದನ್ನು ಬಿಡುತ್ತೇನೆ.

ನೇರವಾಗಿ ಸಮಸ್ಯೆಗೆ ಬರುತ್ತೇನೆ. ಏರು 50ಕ್ಕೆ 1, ಅಂದರೆ ಶೇ 2. ನಿಜವಾದ ಘಾಟಿಯಲ್ಲೂ ಅಷ್ಟೇ. ತಿರುವಿನ ಮಾಡ್ಯೂಲ್‌ಗಳು ಮೂರು, ಮೂರೂ ನಾನೇ ಕಟ್ಟಿದ್ದು, ರೇಡಿಯಸ್ 24 ಇಂಚು. ಅಮೆರಿಕದ ಎಸ್‌ಡಿ70 ಎಂಜಿನ್‌ನ ಮಾದರಿ ಚಾಸಿಯ ಮೇಲೆ, ಪ್ರಿಂಟ್ ಮಾಡಿದ ನಮ್ಮ ರೈಲ್ವೆಯ ಡಬ್ಲ್ಯುಡಿಜಿ-4 ಡೀಸೆಲ್ ಬಾಡಿ ಕೂರಿಸಿದ ಎಂಜಿನ್. ನೇರ ಹಳಿಯಲ್ಲಿ 14 ವ್ಯಾಗನ್ ಎಳೆದುಕೊಂಡು ಸಲೀಸಾಗಿ ಹೋಗುತ್ತದೆ. ಮೊದಲ ತಿರುವಿನಲ್ಲಿ ಉಸಿರು ಹಿಡಿಯುತ್ತದೆ. ಎರಡನೆಯದರಲ್ಲಿ ಚಕ್ರ ತಿರುಗುತ್ತದೆ, ಗಾಡಿ ಕದಲುವುದಿಲ್ಲ.

ಇದು ಆರು ತಿಂಗಳ ಹಳೆಯ ಜಗಳ. ಪ್ರತಿ ತಿರುವನ್ನೂ ನಾನು ಮನೆಯಲ್ಲಿ ಪರೀಕ್ಷಿಸಿ ವಿಡಿಯೋ ಕಳಿಸುತ್ತಿದ್ದೆ. ಒಬ್ಬರು ಎಂಜಿನ್ ಹಗುರ ಅಂದರು, ಸೀಸ ತುಂಬಿದೆ. ಇನ್ನೊಬ್ಬರು ಹಳಿ ಕೊಳೆ ಅಂದರು, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿದೆ. ವ್ಯಾಗನ್ ಭಾರ ಜಾಸ್ತಿ ಇರಬಹುದು ಅಂದರು. ಎನ್‌ಎಂಆರ್‌ಎ (ಅಮೆರಿಕದ ಮಾದರಿ ರೈಲು ಸಂಘ) ಲೆಕ್ಕ 1 ಔನ್ಸ್, ಜೊತೆಗೆ ಇಂಚಿಗೆ ಅರ್ಧ ಔನ್ಸ್. ನಮ್ಮ ವ್ಯಾಗನ್ ಉದ್ದ 12.3 ಸೆಂ.ಮೀ., ಹಾಗಾಗಿ ಒಂದೊಂದಕ್ಕೆ ಸುಮಾರು 97 ಗ್ರಾಂ. ತೂಗಿ ನೋಡಿದೆ, ಎಲ್ಲ ಸರಿಯಾಗಿತ್ತು.

ಚಕ್ರದ ವಿಷಯ ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ನಾನು ಆರ್ಡರ್ ಮಾಡಿದ್ದು 10.5 ಮಿ.ಮೀ. ಲೋಹದ ಚಕ್ರ. ಅಂಗಡಿಯವರು ನಾಲ್ಕು ವಾರ ಕಾಯಿಸಿ 9.6 ಮಿ.ಮೀ.ದು ಕಳಿಸಿದರು. ಕಪ್ಲರ್ (ವ್ಯಾಗನ್ ಜೋಡಿಸುವ ಕೊಕ್ಕೆ) ಅರ್ಧ ಮಿ.ಮೀ. ಕೆಳಗೆ ಇಳಿಯಿತು. ಬದಲಾಯಿಸಿ ಕೊಡಿ ಅಂತ ಮೂರು ಸಲ ಬರೆದೆ, ಉತ್ತರ ಇಲ್ಲ. ಹೊಟ್ಟೆ ಉರಿಯಿತು. ದುಡ್ಡು ಕೊಟ್ಟವರಿಗೆ 'ತಪ್ಪಾಯಿತು' ಅನ್ನುವಷ್ಟಾದರೂ ಹೇಳಬೇಕು ಅಲ್ವಾ? ಪುತ್ತೂರಿನ ಅಣ್ಣ ಶುಕ್ರವಾರ ರಾತ್ರಿ ಕೂತು ವ್ಯಾಗನ್‌ಗೆ ಎರಡರಂತೆ 28 ಚಕ್ರದ ಚೌಕಟ್ಟುಗಳಿಗೂ ವಾಷರ್ ಹಾಕಿ ಎತ್ತರ ಸರಿ ಮಾಡಿಕೊಟ್ಟರು. ಮಲಗಿದಾಗ ಒಂದೂವರೆ ಗಂಟೆ.

ಅದೇ ರಾತ್ರಿ ಹಿಂದಿನಿಂದ ಬ್ಯಾಂಕರ್ (ತಳ್ಳುವ ಎಂಜಿನ್) ಕೊಟ್ಟೂ ನೋಡಿದ್ದೆವು. ಕಾಕಾನ ಎಂಜಿನ್ ಹಿಂದೆ, ನನ್ನದು ಮುಂದೆ. ತಿರುವಿನಲ್ಲಿ ಹಿಂದಿನದು ಒತ್ತಿತು, ಮುಂದಿನದು ಜಾರಿತು, ನಡುವಿನ ಮೂರು ವ್ಯಾಗನ್ ಹೊರಕ್ಕೆ ಬಿದ್ದವು. 'ನಾಳೆ ನಿಜವಾದ ಘಾಟಿನ ನೋಡ್ಕೊಂಡ್ ಬರೂಣು' ಅಂದರು ಕಾಕಾ.

ಶನಿವಾರ ಹಾಸನದಿಂದ ಹಗಲು ರೈಲು ಹತ್ತಿದೆವು. ವಿಸ್ಟಾಡೋಮ್ ಬೋಗಿ 2021ರಿಂದ ಈ ಮಾರ್ಗದಲ್ಲಿ ಓಡುತ್ತಿದೆ. ಆದರೆ ಗಾಜಿನೊಳಗೆ ಕೂತರೆ ಬ್ರೇಕಿನ ಸದ್ದು, ಹಳಿಯ ಸದ್ದು ಸರಿಯಾಗಿ ಕೇಳುವುದಿಲ್ಲ. ಎಲ್ಲರೂ ಸಾಮಾನ್ಯ ಬೋಗಿಯ ಕಿಟಕಿಯೇ ಬೇಕು ಅಂದರು. ಅಮ್ಮ ಕಟ್ಟಿಕೊಟ್ಟಿದ್ದ ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ ಸಕಲೇಶಪುರ ಬರುವ ಮುಂಚೆಯೇ ಖಾಲಿ. ಅಲ್ಲಿಂದ ಮುಂದೆ ಯಾರೂ ಮಾತಾಡಲಿಲ್ಲ. 55 ಕಿ.ಮೀ., 57 ಸುರಂಗ. ಗಂಟೆಗೆ 30 ಕಿ.ಮೀ. ಮಿತಿ, ಹಾಗಾಗಿ ಇಳಿಯಲು ಎರಡು ಗಂಟೆಗೂ ಜಾಸ್ತಿ. ಕಡಗರವಳ್ಳಿ ಮತ್ತು ಎಡಕುಮೇರಿ ನಡುವೆ 2024ರ ಜುಲೈನಲ್ಲಿ ಗುಡ್ಡ ಕುಸಿದು ರೈಲು ನಿಂತಿದ್ದಾಗ ನಾವು ಆರೂ ಜನ ರಾತ್ರಿಯೆಲ್ಲ ಸುದ್ದಿ ಹಂಚಿಕೊಳ್ಳುತ್ತಾ ಕೂತಿದ್ದೆವು. ಈಗ ಅದೇ ಜಾಗ ಕಿಟಕಿಯಲ್ಲಿ ಕಂಡಾಗ ಎಲ್ಲರೂ ಒಂದೇ ಕಡೆ ವಾಲಿದೆವು.

ಕಾಕಾ ಹಳಿ ನಿರ್ವಹಣೆಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರು ಕಾಡನ್ನು ನೋಡುತ್ತಲೇ ಇರಲಿಲ್ಲ, ಹಳಿ ಪಕ್ಕದಲ್ಲಿ ಏರು ಎಷ್ಟೆಂದು ಬರೆದ ಗ್ರೇಡಿಯೆಂಟ್ ಪೋಸ್ಟ್‌ಗಳನ್ನೇ ನೋಡುತ್ತಿದ್ದರು. ಒಂದು ತಿರುವು ಮುಗಿಯುವಾಗ ಥಟ್ಟನೆ ನನ್ನ ಕಡೆ ತಿರುಗಿದರು.

'ಏ ತಮ್ಮಾ, ನೀ ತಿರುವಿನ್ಯಾಗೂ ಅಷ್ಟ ಏರು ಕೊಟ್ಟೀಯೇನು?'

ಹೌದು ಕಾಕಾ, ಎಲ್ಲ ಕಡೆ ಶೇ 2 ಅಂದೆ.

'ಮತ್ತ ಎಂಜಿನ್ ಪಾಪ ಏನ್ ಮಾಡ್ಬೇಕು?'

ಮೈ ಜುಮ್ ಅಂದಿತು. ತಿರುವಿನಲ್ಲಿ ಚಕ್ರದ ಅಂಚು ಹಳಿಗೆ ಉಜ್ಜುತ್ತದೆ, ಆ ಎಳೆತವೂ ಏರಿನ ಹಾಗೆಯೇ ಭಾರ. ಅದಕ್ಕೇ ರೈಲ್ವೆಯವರು ತಿರುವಿನಲ್ಲಿ ಏರನ್ನು ತಗ್ಗಿಸುತ್ತಾರೆ. ಬ್ರಾಡ್‌ಗೇಜ್‌ನಲ್ಲಿ ತಿರುವಿನ ಪ್ರತಿ ಡಿಗ್ರಿಗೆ ಶೇ 0.04. ತಿರುವಿನ ಎಳೆತ ಎಷ್ಟು ಏರಿಗೆ ಸಮ ಅನ್ನುವುದಕ್ಕೆ ನಮ್ಮ ಹವ್ಯಾಸದಲ್ಲೂ ಒಂದು ಲೆಕ್ಕ ಇದೆ: 32 ಅನ್ನು ಇಂಚಿನ ರೇಡಿಯಸ್‌ನಿಂದ ಭಾಗಿಸಿ. 24ಕ್ಕೆ ಶೇ 1.33 ಬರುತ್ತದೆ. ನನ್ನ ಶೇ 2 ಎಂಜಿನ್‌ಗೆ ಶೇ 3.33 ಆಗಿತ್ತು, ಅಂದರೆ 30ಕ್ಕೆ 1! ಆರು ತಿಂಗಳು ಎಂಜಿನ್ ಬಿಚ್ಚಿದ್ದೇ ಬಿಚ್ಚಿದ್ದು, ಹಲಗೆಗೆ ಯಾರೂ ಲೆವೆಲ್ ಇಟ್ಟಿರಲಿಲ್ಲ.

ಸುಬ್ರಹ್ಮಣ್ಯ ರೋಡಿನಲ್ಲಿ ಇಳಿದಾಗ ಒಂದು ಗೂಡ್ಸ್ ಹೊರಡಲು ಕಾಯುತ್ತಿತ್ತು, ಹಿಂದೆ ಬ್ಯಾಂಕರ್‌ಗಳು. ಅದು ಹೊರಟು ಸದ್ದು ಕಾಡಿನಲ್ಲಿ ಕರಗುವ ತನಕ ಪ್ಲಾಟ್‌ಫಾರ್ಮಿನಲ್ಲೇ ನಿಂತಿದ್ದೆವು. ಶಿರಾಡಿ ಘಾಟಿಯ ಬಸ್ಸಿನಲ್ಲಿ ವಾಪಸ್ ಬರುವಾಗ ಟಿಕೆಟ್ಟಿನ ಹಿಂದೆ ಲೆಕ್ಕ ಬರೆದೆವು.

ಭಾನುವಾರ ಬೆಳಗ್ಗೆ ಆರಕ್ಕೇ ಗರಗಸ ಹಿಡಿದೆವು. ಪ್ರತಿ ತಿರುವು 96 ಸೆಂ.ಮೀ., ಮೊದಲು 19 ಮಿ.ಮೀ. ಏರುತ್ತಿತ್ತು. ಈಗ 6 ಮಿ.ಮೀ. ಮಾತ್ರ. ಒಂದೊಂದರಲ್ಲಿ 13, ಮೂರಕ್ಕೆ 39 ಮಿ.ಮೀ. ಉಳಿಯಿತು. ಅದನ್ನು ನೇರ ಹಳಿಗೆ ಸೇರಿಸೋಣ ಅಂತ ಬೆಂಗಳೂರಿನ ಹುಡುಗ ಅಂದ. ಬೇಡ ಅಂದೆವು, ಅಲ್ಲಿ ಏರು ಜಾಸ್ತಿಯಾಗಿ ಕಥೆ ಮತ್ತೆ ಅಲ್ಲಿಗೇ ಬರುತ್ತದೆ. ಮೇಲಿನ ಮಾಡ್ಯೂಲ್‌ಗಳ ಕಾಲನ್ನೇ ಕತ್ತರಿಸಿದೆವು. ಏರು ಬದಲಾಗುವ ಕಡೆ ಹಳಿ ಮುರಿದ ಹಾಗೆ ಕಾಣಬಾರದು, ಅಲ್ಲೆಲ್ಲ 20 ಸೆಂ.ಮೀ. ಉದ್ದಕ್ಕೆ ನಿಧಾನವಾಗಿ ಹೊಂದಿಸಿದೆವು. ಮಧ್ಯಾಹ್ನದ ಊಟ ನಿಂತುಕೊಂಡೇ ಆಯಿತು.

ಒಂಟಿ ಎಂಜಿನ್ ಹತ್ತಿತು, ಸ್ವಲ್ಪ ಏದುಸಿರಿನಲ್ಲಿ. ನಮಗೆ ಬ್ಯಾಂಕರ್ ಬೇಕಿತ್ತು. ಎರಡು ಡಿಕೋಡರ್ (ಎಂಜಿನ್ ನಿಯಂತ್ರಿಸುವ ಚಿಪ್), ಎರಡು ಕಂಪನಿ. ಎರಡರಲ್ಲೂ ವೇಗ ನಿಧಾನವಾಗಿ ಏರಿಳಿಸುವ ಸೆಟ್ಟಿಂಗ್‌ಗಳಾದ ಸಿವಿ3, ಸಿವಿ4 ಸೊನ್ನೆ ಮಾಡಿ, ಒಂದು ಮೀಟರ್ ಓಡಿಸಿ ಸಮಯ ಹಿಡಿದು ಸಿವಿ2, ಸಿವಿ6, ಸಿವಿ5 (ಆರಂಭದ, ಮಧ್ಯದ, ಗರಿಷ್ಠ ವೇಗ) ಹೊಂದಿಸಿದೆವು. ಬ್ಯಾಂಕರನ್ನು ಕೂದಲೆಳೆಯಷ್ಟು ನಿಧಾನ ಇಟ್ಟೆವು, ಅದರ ಬಿಇಎಂಎಫ್ (ಭಾರ ಬಂದರೂ ವೇಗ ಕಾಯುವ ನಿಯಂತ್ರಣ) ತಗ್ಗಿಸಿದೆವು. ಅದು ಜಾಸ್ತಿ ಇದ್ದರೆ ಹಿಂದಿನ ಎಂಜಿನ್ ತನ್ನ ವೇಗಕ್ಕೇ ಹಟ ಹಿಡಿದು ಮುಂದಿನದರ ಜೊತೆ ಜಗಳ ಆಡುತ್ತದೆ. ಹನ್ನೊಂದನೆಯ ಓಟದಲ್ಲಿ ಒಂದು ಚಕ್ರವೂ ಹಳಿ ತಪ್ಪಲಿಲ್ಲ.

ಮುಂದಿನ ಯೋಜನೆ ಈಗಲೇ ಹೇಳಿಬಿಡುತ್ತೇನೆ, ತಡೆಯಲು ಆಗುತ್ತಿಲ್ಲ. ಇದೇ ಘಾಟಿಯ ಮೀಟರ್‌ಗೇಜ್ ಕಾಲ! 1979ರಲ್ಲಿ ಶುರುವಾಗಿ 1996ರಲ್ಲಿ ಗೇಜ್ ಬದಲಾವಣೆಗೆ ನಿಂತಿದ್ದ ಮಾರ್ಗ. 12 ಮಿ.ಮೀ. ಅಂತರದ ಹಳಿ, ವೈಡಿಎಂ-4 ಡೀಸೆಲ್ ಎಂಜಿನ್, ಮಳೆಯಲ್ಲಿ ನೆನೆದ ಎಡಕುಮೇರಿ ನಿಲ್ದಾಣ. ಅಕ್ಕ ಆಗಲೇ ಮಂಗಳೂರು ಹೆಂಚಿನ ಸ್ಯಾಂಪಲ್ ಪ್ರಿಂಟ್ ಮಾಡಿ ಜೇಬಲ್ಲಿ ಇಟ್ಟುಕೊಂಡು ಬಂದಿದ್ದರು.

ಎಲ್ಲರೂ ಹೊರಟಾಯಿತು. ಕಾಕಾ ತಮ್ಮ ಹಿತ್ತಾಳೆಯ ಲೆವೆಲ್ಲನ್ನು ನನ್ನ ಬಳಿ ಬಿಟ್ಟು ಹೋಗಿದ್ದಾರೆ. ಈಗ ನಾಲ್ಕನೆಯ ವ್ಯಾಗನ್ ಸೇತುವೆ ಮಾಡ್ಯೂಲ್‌ನ ಜೋಡಣೆಯಲ್ಲಿ ಐದಕ್ಕೆ ಒಂದು ಸಲ ಕಳಚಿಕೊಳ್ಳುತ್ತಿದೆ. ಈ ಸಲ ಮೊದಲು ಲೆವೆಲ್ ಇಟ್ಟೆ. ಜೋಡಣೆಯಲ್ಲಿ ಒಂದು ಮಿ.ಮೀ. ಮೆಟ್ಟಿಲಿದೆ.