ನಾನೂ ಗೋಡೆಯ ಕಲ್ಲಾಗಿದ್ದ ರವಿವಾರ

ಚೆಂಡು ನಮ್ಮ ಕಾಲಲ್ಲಿ ಶೇ. 71, ಹೊಡೆತ 26, ಕಾರ್ನರ್ 11, ಗೋಲು ಸೊನ್ನೆ. ಶನಿವಾರ ರಾತ್ರಿ ಒಂದೂವರೆಗೆ ಲ್ಯಾಪ್‌ಟಾಪ್ ಮುಚ್ಚುವಾಗ ಪರದೆಯ ಮೇಲಿದ್ದ ಅಂಕಿಗಳಿವು. ಫುಟ್‌ಬಾಲ್ ಮ್ಯಾನೇಜರ್ 2024 ಎಂಬ ಕಂಪ್ಯೂಟರ್ ಆಟದಲ್ಲಿ ನಾನು ಬೆಂಗಳೂರು ಎಫ್‌ಸಿ ಕ್ಲಬ್ಬಿನ ಕೋಚ್. ಮೊದಲ ಸೀಸನ್ ಚೆನ್ನಾಗಿ ಹೋಗಿತ್ತು, ಎರಡನೆಯದರಲ್ಲಿ ಸಂಕಟ ಶುರುವಾಯಿತು. ಈ ಆಟದಲ್ಲಿ ನಿಮ್ಮ ತಂಡದ ಹೆಸರು ಬೆಳೆದಂತೆ ಎದುರಾಳಿಗಳು ನಿಮಗೆ ಹೆದರುತ್ತಾರೆ. ಹೆದರಿದವರು ಹತ್ತೂ ಜನ ತಮ್ಮ ಪೆನಾಲ್ಟಿ ಬಾಕ್ಸ್ ಮುಂದೆ ಬಂದು ನಿಲ್ಲುತ್ತಾರೆ. ಪಟ್ಟಿಯ ತಳದಲ್ಲಿದ್ದ ತಂಡಗಳ ಜೊತೆ ನಮ್ಮ ಮನೆಯಂಗಳದಲ್ಲೇ ಸತತ ಮೂರು ಪಂದ್ಯ 0-0.

ನಾನು ಮಾಡಿದ್ದು ಯಾರಿಗಾದರೂ ಮೊದಲು ಹೊಳೆಯುವುದೇ. ಮೆಂಟಾಲಿಟಿಯನ್ನು, ಅಂದರೆ ತಂಡ ಎಷ್ಟು ಮುನ್ನುಗ್ಗಿ ಆಡಬೇಕೆಂಬುದನ್ನು, ವೆರಿ ಅಟ್ಯಾಕಿಂಗ್‌ಗೆ ಏರಿಸಿದೆ, ಟೆಂಪೋ, ಅಂದರೆ ಆಟದ ವೇಗ, ಹೆಚ್ಚಿಸಿದೆ, ಎರಡೂ ಬದಿಯ ಬ್ಯಾಕ್‌ಗಳನ್ನು ಮುಂದೆ ಅಟ್ಟಿದೆ, ಕೊನೆಗೆ ಮತ್ತೊಬ್ಬ ಸ್ಟ್ರೈಕರ್‌ನನ್ನೂ ಇಳಿಸಿದೆ. ಹೊಡೆತಗಳು ಹೆಚ್ಚಾದವು. ಆದರೆ ಎಕ್ಸ್‌ಜಿ, ಅಂದರೆ ಆ ಹೊಡೆತಗಳಿಂದ ಎಷ್ಟು ಗೋಲು ಬರಬೇಕಿತ್ತು ಎಂಬ ಲೆಕ್ಕ, ಬರೀ 1.1. ಭಾಗಿಸಿ ನೋಡಿದರೆ ಒಂದೊಂದು ಹೊಡೆತವೂ ಇಪ್ಪತ್ನಾಲ್ಕರಲ್ಲಿ ಒಂದು ಸಲ ಗೋಲಾಗುವಂಥದ್ದು. ನನ್ನ ಹುಡುಗರು ದೂರದಿಂದ ಜನರ ಕಾಲಿಗೆ ಹೊಡೆಯುತ್ತಿದ್ದರು, ಅಷ್ಟೇ.

2018ರ ವಿಶ್ವಕಪ್‌ನಲ್ಲಿ ಸ್ಪೇನ್ ರಷ್ಯಾ ವಿರುದ್ಧ ಸಾವಿರಕ್ಕೂ ಹೆಚ್ಚು ಪಾಸ್ ಕೊಟ್ಟು, 1-1ರಲ್ಲಿ ನಿಂತು, ಪೆನಾಲ್ಟಿಯಲ್ಲಿ ಸೋತು ಹೊರಬಿದ್ದಿದ್ದು ನೆನಪಾಯಿತು. ಅಂಥ ತಂಡಕ್ಕೇ ಹಾಗಾಯಿತಲ್ಲ ಎಂದುಕೊಂಡು ಮಲಗಿದೆ. ಸಮಾಧಾನವೇನೂ ಆಗಲಿಲ್ಲ.

ಬೆಳಿಗ್ಗೆ ಏಳಕ್ಕೆ ಟಿಳಕವಾಡಿಯ ಲೇಲೆ ಮೈದಾನದಲ್ಲಿ ನಮ್ಮದೇ ಪಂದ್ಯ. ಜುಲೈ ತಿಂಗಳು, ಬೆಳಗಾವಿಯ ಮಳೆ ಗೊತ್ತಲ್ಲ, ಜಿಟಿಜಿಟಿ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಗೋಲ್‌ಪೋಸ್ಟ್ ಮುಂದೆ ಪಾದ ಮುಳುಗುವಷ್ಟು ರಾಡಿ. ನಮ್ಮದು ಓಣಿಯ ಗೆಳೆಯರು ಕೂಡಿ ಕಟ್ಟಿದ ತಂಡ, ನಾನು ರೈಟ್ ಬ್ಯಾಕ್, ಅಂದರೆ ರಕ್ಷಣೆಯ ಸಾಲಿನಲ್ಲಿ ಬಲತುದಿಯವನು. ಎದುರಿಗೆ ಊರಿನ ಕ್ಯಾಂಪ್ ಪ್ರದೇಶದ ತಂಡ. ಅವರಲ್ಲಿ ಅರ್ಧ ಜನ ಸಣ್ಣಂದಿನಿಂದ ಬೂಟು ಕಟ್ಟಿಕೊಂಡು ಬೆಳೆದವರು. ಹೋದ ವರ್ಷ ನಮಗೆ ಆರು ಗೋಲು ಬಡಿದಿದ್ದರು.

ನಮ್ಮ ಗೋಲ್‌ಕೀಪರ್ ಎಲ್ಲರನ್ನೂ ಸುತ್ತ ಕರೆದ. "ಭಾರತ ಕತಾರ್‌ಕ್ಕ ಹೋಗಿ ಏನ್ ಮಾಡಿತ್ರೋ? ಹಂಗ ಮಾಡೂನು" ಅಂದ. 10 ಸೆಪ್ಟೆಂಬರ್ 2019, ದೋಹಾ. ಅದೇ ವರ್ಷ ಏಷ್ಯಾ ಕಪ್ ಗೆದ್ದಿದ್ದ ಕತಾರ್ ತಂಡವನ್ನು ಸುನಿಲ್ ಛೇತ್ರಿ ಇಲ್ಲದ ಭಾರತ 0-0ರಲ್ಲಿ ಹಿಡಿದು ನಿಲ್ಲಿಸಿತ್ತು. ಗೋಲಿನಲ್ಲಿ ಗುರ್‌ಪ್ರೀತ್ ಸಿಂಗ್ ಸಂಧು. ನಮ್ಮವನಿಗೆ ಗುರ್‌ಪ್ರೀತ್ ಅಂದರೆ ದೇವರು. ಸರಿ, ಹಿಂದೆ ಐದು ಜನ, ಅವರ ಮುಂದೆ ನಾಲ್ಕು, ಮೇಲೊಬ್ಬ. ನಿನ್ನೆ ರಾತ್ರಿ ಯಾವ ಗೋಡೆಗೆ ತಲೆ ಚಚ್ಚಿಕೊಂಡಿದ್ದೆನೋ ಬೆಳಿಗ್ಗೆ ನಾನೇ ಆ ಗೋಡೆಯಲ್ಲೊಂದು ಕಲ್ಲು.

ಗೋಡೆಯ ಒಳಗೆ ನಿಂತಾಗ ತಿಳಿದದ್ದನ್ನು ಬರೆಯಬೇಕೆಂದೇ ಕೂತಿದ್ದೇನೆ. ಮೊದಲ ಅರ್ಧ ನಮಗೆ ಕಷ್ಟವೇ ಆಗಲಿಲ್ಲ. ಓಡಾಟ ಬಹಳ, ನಿಜ, ಭಯ ಇರಲಿಲ್ಲ. ಎದುರಿಗೆ ಬರುವ ಚೆಂಡು ಕಣ್ಣಿಗೆ ಕಾಣುತ್ತದೆ. ಬದಿಯಿಂದ ಎತ್ತರದ ಕ್ರಾಸ್ ಬಂದರೆ ತಲೆ ಕೊಡು, ದೂರದಿಂದ ಹೊಡೆದರೆ ಮೈ ಒಡ್ಡು. ಅವರು ಅವಸರ ಮಾಡಿದಷ್ಟೂ ನಮಗೆ ಸಲೀಸು, ಏಕೆಂದರೆ ಚೆಂಡು ಬೇಗ ಬೇಗ ನಮ್ಮ ಗುಂಪಿನೊಳಗೇ ಬಂದು ಬೀಳುತ್ತಿತ್ತು. ಅವರು ಒಬ್ಬರಿಗೊಬ್ಬರು ಒದರಾಡತೊಡಗಿದಾಗ ನಮ್ಮಲ್ಲಿ ಹುರುಪು ಬಂತು.

ಅರ್ಧ ಮುಗಿದ ಮೇಲೆ ಅವರ ಆಟ ಬದಲಾಯಿತು. ನಡುವೆ ಆಡುತ್ತಿದ್ದ, ಐವತ್ತರ ಆಸುಪಾಸಿನ ಹಿರಿಯರೊಬ್ಬರು ಎಲ್ಲರನ್ನೂ ಹಿಂದಕ್ಕೆ ಕರೆದರು. ಚೆಂಡನ್ನು ತಮ್ಮ ಅರ್ಧದಲ್ಲೇ ಇಟ್ಟುಕೊಂಡು ಅಲ್ಲಿಂದಿಲ್ಲಿ, ಇಲ್ಲಿಂದಲ್ಲಿ. ದಣಿದರು ಎಂದುಕೊಂಡೆವು. ನಮ್ಮ ಸ್ಟ್ರೈಕರ್ ಚೆಂಡಿನ ಬೆನ್ನು ಹತ್ತಿದ, ಅವನ ಹಿಂದೆ ಇಬ್ಬರು ಮಿಡ್‌ಫೀಲ್ಡರ್‌ಗಳು ಮೇಲೆ ಹೋದರು, ಅವರ ಹಿಂದೆ ನಾವೂ ಹತ್ತು ಹೆಜ್ಜೆ ಏರಿದೆವು. ಯಾರೂ ಹೇಳಲಿಲ್ಲ, ಕಾಲು ತಾನಾಗಿ ಹೋಯಿತು. ಆಮೇಲೆ ಅವರು ಮತ್ತೆ ಮತ್ತೆ ನಮ್ಮ ಎಡಬದಿಯಲ್ಲೇ ನಾಲ್ಕು ಜನ ಸೇರಿಸಿ ಆಡಿದರು. ಒಂದು ಸಲ, ಎರಡು ಸಲ, ಮೂರು ಸಲ. ಪ್ರತಿ ಸಲವೂ ನಮ್ಮ ಇಡೀ ಸಾಲು ಆ ಕಡೆ ಜರುಗಿತು. ರೈಟ್ ಬ್ಯಾಕ್ ಆದ ನಾನು ಮೈದಾನದ ನಟ್ಟನಡುವೆ ನಿಂತಿದ್ದೆ.

ಆಗ ಉದ್ದನೆಯದೊಂದು ಪಾಸ್ ನನ್ನ ತಲೆಯ ಮೇಲಿಂದ ಹೋಯಿತು. ಹೊರಳಿ ನೋಡಿದರೆ ಮೈದಾನದ ಬದಿಯ ಗೆರೆಗೆ ಅಂಟಿಕೊಂಡು ಅವರ ವಿಂಗರ್ ಒಬ್ಬನೇ ನಿಂತಿದ್ದಾನೆ. ಚೆಂಡು ನೋಡಬೇಕೋ, ಅವನನ್ನು ನೋಡಬೇಕೋ? ಎರಡನ್ನೂ ಒಟ್ಟಿಗೆ ನೋಡಲು ಕತ್ತಿಗೆ ಆಗುವುದಿಲ್ಲ. ನಾನು ತಿರುಗುವಷ್ಟರಲ್ಲಿ ಅವನು ನೆಲಕ್ಕೇ ತಾಗಿಸಿ ಗೋಲಿನ ಆಚೆ ಕಂಬದ ಕಡೆ ಬಿಟ್ಟ, ಅಲ್ಲಿ ಹಿಂದಿನಿಂದ ಬಂದವನೊಬ್ಬ ಕಾಲು ಚಾಚಿದ. 0-1. ಪಂದ್ಯವೂ ಅಷ್ಟಕ್ಕೇ ಮುಗಿಯಿತು.

ಮೈದಾನದ ಹೊರಗೆ ಚಹಾ ಕುಡಿಯುವಾಗ ಆ ಹಿರಿಯರು ಪಕ್ಕಕ್ಕೆ ಬಂದರು.

"ತಮ್ಮಾ, ನಮ್ಮ ಹುಡುಗನ್ನ ನೀ ಎಷ್ಟೊತ್ತಿಂದ ನೋಡಿರ್ಲಿಲ್ಲ?"

"ಹದಿನೈದು ಮಿನಿಟ್ ಆಗಿರಬೇಕ್ರಿ ಮಾಮಾ."

"ಅಂವಗ ನಾನ ಹೇಳಿದ್ದೆ. ಗೆರಿ ಬಿಟ್ಟು ಒಳಗ ಬರಬ್ಯಾಡ, ಚೆಂಡು ಕೇಳಬ್ಯಾಡ, ಸುಮ್ನ ನಿಂದರು. ಇಂವಾ ನಿನ್ನ ಮರೀತಾನ ಅಂತ."

ಸಂಜೆ ಲ್ಯಾಪ್‌ಟಾಪ್ ತೆರೆದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಎದುರಿನ ರೈಟ್ ಬ್ಯಾಕ್ ಯಾವುದಕ್ಕೆ ಹೆದರುತ್ತಾನೆ? ಮೆಂಟಾಲಿಟಿಯನ್ನು ಬ್ಯಾಲೆನ್ಸ್ಡ್‌ಗೆ ಇಳಿಸಿದೆ. ಈ ಆಟದಲ್ಲಿ ಮೆಂಟಾಲಿಟಿ ಏರಿಸಿದರೆ ಜನ ಮುಂದೆ ಹೋಗುವುದಷ್ಟೇ ಅಲ್ಲ, ಟೆಂಪೋ ಏರುತ್ತದೆ, ಪಾಸ್‌ನಲ್ಲಿ ಸಾಹಸ ಹೆಚ್ಚುತ್ತದೆ, ಚೆಂಡು ಪುನಃ ಆ ಗುಂಪಿನೊಳಗೇ ಹೋಗಿ ಬೀಳುತ್ತದೆ. ಟೆಂಪೋವನ್ನೂ ಒಂದು ಮೆಟ್ಟಿಲು ತಗ್ಗಿಸಿದೆ. ಎಲ್ಲಿಂದ ಒತ್ತಡ ಹಾಕಬೇಕೆಂಬ ಗೆರೆಯನ್ನು ಮೈದಾನದ ನಡುವಿಗೆ ಇಳಿಸಿದೆ, ಅವರು ಚೆಂಡು ಹಿಡಿದು ಸ್ವಲ್ಪ ಹೊರಗೆ ಬರಲಿ ಎಂದು. ಬಲಬದಿಯಲ್ಲಿ ಇನ್ವರ್ಟೆಡ್ ವಿಂಗರ್ ಒಳಕ್ಕೆ, ಅವನ ಹೊರಗಿನಿಂದ ವಿಂಗ್-ಬ್ಯಾಕ್, ಜೊತೆಗೆ ಆ ಕಡೆಗೇ ವಾಲುವ ಮಿಡ್‌ಫೀಲ್ಡರ್, ಆಟದ ಮಾತಲ್ಲಿ ಮೆಜ್ಜಾಲಾ. ಎಡಬದಿಯಲ್ಲಿ ಒಬ್ಬನೇ ವಿಂಗರ್, ಗೆರೆ ಬಿಡಬಾರದು ಎಂಬ ಸೂಚನೆ. ಅವನ ಕ್ರಾಸ್ ಆಚೆ ಕಂಬಕ್ಕೆ.

ಮೊದಲ ಪಂದ್ಯ ಸೋತೆ, 0-1. ಒತ್ತಡದ ಗೆರೆ ಇಳಿಸಿದ್ದೆ, ಡಿಫೆನ್ಸ್ ಗೆರೆಯನ್ನು ಮಾತ್ರ ಮೇಲೆಯೇ ಬಿಟ್ಟಿದ್ದೆ. ಮೈಮೇಲೆ ಯಾರೂ ಬರದಿದ್ದಾಗ ಅವರ ಮಿಡ್‌ಫೀಲ್ಡರ್ ಆರಾಮಾಗಿ ತಲೆಯೆತ್ತಿ ನೋಡಿ ನಮ್ಮ ಬೆನ್ನ ಹಿಂದೆ ಚೆಂಡು ಹಾಕಿದ. ಹಳೆಯ ಸೇವ್‌ಗೆ ಹೋಗಿ ಮತ್ತೆ ಆಡಬಹುದಿತ್ತು. ನಾನು ಹಾಗೆ ಮಾಡುವುದಿಲ್ಲ. ಲೇಲೆ ಮೈದಾನದಲ್ಲಿ ಆ ಸವಲತ್ತು ಯಾರಿಗೂ ಇಲ್ಲ. ಡಿಫೆನ್ಸ್ ಗೆರೆಯನ್ನೂ ಒಂದು ಮೆಟ್ಟಿಲು ಇಳಿಸಿ ಮುಂದಿನ ಪಂದ್ಯಕ್ಕೆ ಹೋದೆ.

ಎದುರಾಳಿ ಮತ್ತೆ ಐದು ಡಿಫೆಂಡರ್‌ಗಳ ತಂಡ. ಎಪ್ಪತ್ತು ನಿಮಿಷ ಏನೂ ಆಗಲಿಲ್ಲ. ಮೆಂಟಾಲಿಟಿ ಏರಿಸಲು ಬೆರಳು ಎರಡು ಸಲ ಮೌಸ್ ಮೇಲೆ ಹೋಯಿತು, ತಡೆದುಕೊಂಡೆ. 79ನೇ ನಿಮಿಷ. ಬಲಬದಿಯಲ್ಲಿ ಆರೇಳು ಪಾಸ್, ಅವರ ಇಡೀ ಸಾಲು ಆ ಕಡೆ ಜರುಗಿತು. ಮೆಜ್ಜಾಲಾ ತಿರುಗಿ ಎಡಕ್ಕೆ ಉದ್ದನೆಯ ಪಾಸ್ ಬಿಟ್ಟ. ವಿಂಗರ್ ನಿಂತಲ್ಲೇ ನಿಂತಿದ್ದ. ಕ್ರಾಸ್ ಆಚೆ ಕಂಬದ ಬಳಿ ಬಂತು, ಬಲಗಡೆಯ ವಿಂಗರ್ ತಳ್ಳಿದ, ಗೋಲು. ಆ ಪಂದ್ಯದಲ್ಲಿ ನಮ್ಮ ಹೊಡೆತ ಬರೀ 12, ಎಕ್ಸ್‌ಜಿ 1.6.

ಕುರ್ಚಿಯಿಂದ ಎದ್ದೇಬಿಟ್ಟಿದ್ದೆ. ಅಡುಗೆಮನೆಯಿಂದ ಅವ್ವ "ಏನಾತೋ?" ಅಂದಳು. "ಗೋಲ್ ಆತ ಅವ್ವಾ" ಅಂದೆ.

ಆಮೇಲೆ ಎದುರಿನ ರೈಟ್ ಬ್ಯಾಕ್‌ನ ಪುಟ ತೆರೆದೆ. ವಯಸ್ಸು 19, ಏಕಾಗ್ರತೆ ಇಪ್ಪತ್ತಕ್ಕೆ 9. ಅವತ್ತಿನ ರೇಟಿಂಗ್ 6.3. ರೀಪ್ಲೇಯನ್ನು ಮೂರು ಸಲ ನೋಡಿದೆ, ಗೋಲು ನೋಡಲಿಕ್ಕಲ್ಲ. ಚೆಂಡು ತಲೆಯ ಮೇಲಿಂದ ದಾಟುವಾಗ ಆ ಹುಡುಗ ಮೊದಲು ಎಡಕ್ಕೆ ಒಂದು ಹೆಜ್ಜೆ ಇಡುತ್ತಾನೆ, ಆಮೇಲೆ ಬಲಕ್ಕೆ ತಿರುಗುತ್ತಾನೆ. ಬೆಳಿಗ್ಗೆ ರಾಡಿಯಲ್ಲಿ ನಾನಿಟ್ಟದ್ದೂ ಅದೇ ಹೆಜ್ಜೆ.