ಅಜ್ಜಿಯ ಎರಡನೇ ಮೇಣದಬತ್ತಿ

ನವೆಂಬರ್ 2, ಸತ್ತವರ ದಿನ. ಇಗರ್ಜಿಯಲ್ಲಿ ಬಲಿಪೂಜೆ ಮುಗಿದ ಮೇಲೆ ಎಲ್ಲರೂ ಸಮಾಧಿಗಳಿಗೆ ಮೇಣದಬತ್ತಿ ಹಚ್ಚುತ್ತಾರೆ. ಅಜ್ಜಿ ಅಜ್ಜನಿಗೆ ಒಂದು ಹಚ್ಚಿ, ಇನ್ನೊಂದನ್ನು ಸೆರಗಿನಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. ಬೇಳ ಎಂಬ ಊರಿನ ಹತ್ತಿರ ನಮ್ಮ ಅಡಿಕೆ ತೋಟ. ತೋಡಿನ ಬದಿಯಲ್ಲಿ ಒಂದು ಮುರಕಲ್ಲು. ಅದರ ಮೇಲೆ ತೆಂಗಿನ ಗೆರಟೆ ಇಟ್ಟು, ಒಳಗೆ ಎರಡು ಹನಿ ಮೇಣ ಬೀಳಿಸಿ, ಬಿಸಿ ಆರುವ ಮೊದಲೇ ಬತ್ತಿಯ ಬುಡ ಒತ್ತಿ ಹಿಡಿಯುತ್ತಿದ್ದರು. ಗಾಳಿಗೆ ಆರಬಾರದಲ್ವಾ.

ಕಲ್ಲಿನ ಕೆಳಗೆ ಅವರ ಮೊದಲ ಮಗು ಇದೆ. 1956ರಲ್ಲಿ ಹುಟ್ಟಿದ ರಾತ್ರಿಯೇ ತೀರಿಹೋಯಿತು. ಜ್ಞಾನಸ್ನಾನ, ಅಂದರೆ ನೀರು ಹೊಯ್ದು ಕ್ರೈಸ್ತ ಸಭೆಗೆ ಸೇರಿಸುವ ಸಂಸ್ಕಾರ, ಆಗಿರಲಿಲ್ಲ. ಆಗಿನ ನಿಯಮದ ಪ್ರಕಾರ ಇಗರ್ಜಿಯ ಸ್ಮಶಾನದಲ್ಲಿ ಜಾಗ ಇಲ್ಲ. ಜೀವ ಹೋಗುವ ಹೊತ್ತಿಗೆ ಯಾರು ಬೇಕಾದರೂ ನೀರು ಹೊಯ್ದು ಜ್ಞಾನಸ್ನಾನ ಕೊಡಬಹುದು. "ಕೊಡಪಾನ ತುಂಬ ನೀರಿತ್ತು, ಯಾರಿಗೂ ನೆನಪಾಗಲಿಲ್ಲ" ಎಂದು ಅಜ್ಜಿ ಎಷ್ಟು ಸಲ ಹೇಳಿದ್ದಾರೋ. ಮಗು ಲಿಂಬೋದಲ್ಲಿದೆ, ಅಂದರೆ ಜ್ಞಾನಸ್ನಾನವಿಲ್ಲದೆ ಸತ್ತ ಮಕ್ಕಳು ಹೋಗುವ ಜಾಗದಲ್ಲಿದೆ, ಅದಕ್ಕೆ ದೇವರ ಮುಖ ಕಾಣುವುದಿಲ್ಲ ಎಂದು ಯಾರೋ ಹೇಳಿದ್ದರಂತೆ.

ಕಾಸರಗೋಡಿನಲ್ಲಿ ನನ್ನ ಜೊತೆ ಕೆಲಸ ಮಾಡುವ ಗೆಳೆಯ ಮೊನ್ನೆ ಹೇಳಿದ, ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆಯಾಗಿ ದೇವರನ್ನು ಸೇರುವುದು, ಎಲ್ಲರಿಗೂ ಅಲ್ಲ, ದೇವರು ಮೊದಲೇ ಆರಿಸಿಟ್ಟವರಿಗೆ ಮಾತ್ರ ಅಂತ. ಅವನು ಸುಮ್ನೆ ಹೇಳುವವನಲ್ಲ. ಪ್ರೊಟೆಸ್ಟೆಂಟ್ ಗುರು ಕ್ಯಾಲ್ವಿನ್ ಹಾದಿಯ ಸಭೆಗಳು 1618-19ರಲ್ಲಿ ನೆದರ್‌ಲ್ಯಾಂಡ್ಸ್‌ನ ಡಾರ್ಟ್‌ನಲ್ಲಿ ಸೇರಿ ಇದನ್ನೇ ತೀರ್ಮಾನ ಮಾಡಿದವು. ಅವಳಿ ಮಕ್ಕಳಾದ ಯಾಕೋಬ, ಏಸಾವರು ಹುಟ್ಟುವ ಮೊದಲೇ ದೇವರು ಒಬ್ಬನನ್ನು ಆರಿಸಿದ ಮಾತು ಬೈಬಲ್ಲಿನಲ್ಲಿ ಪೌಲನು ರೋಮಾಪುರದವರಿಗೆ ಬರೆದ ಪತ್ರದಲ್ಲಿದೆ. ಅದನ್ನು ನಾನೂ ಓದಿದ್ದೇನೆ.

ಆದರೆ ಅದೇ ಬೈಬಲ್ಲಿನಲ್ಲಿ ದೇವರು ಅಬ್ರಹಾಮನನ್ನು ಯಾಕೆ ಆರಿಸಿದ್ದು? ಭೂಮಿಯ ಎಲ್ಲಾ ಕುಲಗಳಿಗೂ ಅವನಿಂದ ಆಶೀರ್ವಾದ ಸಿಗಲಿ ಎಂದು. ಒಬ್ಬನನ್ನು ಆರಿಸಿದ್ದೇ ಉಳಿದವರಿಗಾಗಿ. ಬೇಡ ಎನ್ನುವ ಸ್ವಾತಂತ್ರ್ಯ ಮನುಷ್ಯನಿಗಿದೆ, ಒಪ್ಪುತ್ತೇನೆ. ಕೊಡುವವನೇ ಕೆಲವರನ್ನು ಬಿಟ್ಟು ಬಡಿಸಿದ ಎಂದರೆ ನನ್ನಿಂದ ನಂಬಲು ಆಗುವುದಿಲ್ಲ. ಕ್ರಿಸ್ತ ಎಲ್ಲರಿಗಾಗಿ ಸತ್ತ ಎನ್ನುವುದು ತಪ್ಪು ಎಂಬ ವಾದವನ್ನು 1653ರಲ್ಲೇ ಪೋಪ್ ಹತ್ತನೇ ಇನ್ನೊಸೆಂಟ್ ಖಂಡಿಸಿದ್ದರು. ಪೋಪರ ಅದೇ ಕಥೋಲಿಕ ಸಭೆ, ನಮ್ಮದೇ ಸಭೆ, ನಮ್ಮ ಮಗುವಿಗೆ ಮೂರು ಅಡಿ ಮಣ್ಣು ಕೊಡಲಿಲ್ಲ. ಈ ನೋವು ನನಗೆ ಇನ್ನೂ ಇದೆ. ಸಭೆಯ 1983ರ ಹೊಸ ನಿಯಮದಲ್ಲಿ, ತಂದೆತಾಯಿಗೆ ಜ್ಞಾನಸ್ನಾನ ಕೊಡಿಸುವ ಮನಸ್ಸಿದ್ದರೆ, ಬಿಷಪರ ಅನುಮತಿಯಿಂದ ಅಂಥ ಮಗುವಿಗೂ ಇಗರ್ಜಿಯ ಅಂತ್ಯಕ್ರಿಯೆ ಮಾಡಬಹುದು.

2007ರಲ್ಲಿ ವ್ಯಾಟಿಕನ್‌ನ ದೈವಶಾಸ್ತ್ರ ಆಯೋಗ ಇಂಥ ಮಕ್ಕಳ ಬಗ್ಗೆಯೇ ಬರೆಯಿತು. ದೇವರಿಗೆ ಎಲ್ಲಾ ಮನುಷ್ಯರೂ ರಕ್ಷಣೆ ಹೊಂದಬೇಕೆಂಬ ಇಷ್ಟ ಇರುವುದರಿಂದ, ಈ ಮಕ್ಕಳೂ ದೇವರನ್ನು ಸೇರುತ್ತಾರೆಂದು ಭರವಸೆ ಇಡಲು ಬಲವಾದ ಕಾರಣಗಳಿವೆ ಎಂದಿತು. ಅದನ್ನು ಅಜ್ಜಿಗೆ ಕೊಂಕಣಿಯಲ್ಲಿ ಬಿಡಿಸಿ ಹೇಳಿದೆ.

"ಖಂಡಿತಾ ಅಂತ ಇದೆಯಾ?"

"ಇಲ್ಲ. ಭರವಸೆ ಇಡಬಹುದು ಅಂತ ಇದೆ."

ಅಜ್ಜಿ ಸ್ವಲ್ಪ ಹೊತ್ತು ಅಡಿಕೆ ಸುಲಿಯುತ್ತಲೇ ಇದ್ದರು. ಆಮೇಲೆ, "ಹಾಗಾದರೆ ಅದಕ್ಕೆ ಹೆಸರಿಡಬಹುದಲ್ವಾ?" ಎಂದರು. ಜ್ಞಾನಸ್ನಾನವೇ ಆಗದ ಮಗುವಿಗೆ ಐವತ್ತೊಂದು ವರ್ಷ ಹೆಸರೇ ಇರಲಿಲ್ಲ.

ಆ ರಾತ್ರಿ ತೇರ್ಸ್ (ಜಪಸರ ಪ್ರಾರ್ಥನೆ) ಮುಗಿಸಿ ತೀರಿಹೋದವರನ್ನು ನೆನೆಯುವಾಗ, ಅಜ್ಜನ ಹೆಸರಾದ ಮೇಲೆ ಅಜ್ಜಿ ಇನ್ನೊಂದು ಹೆಸರು ಹೇಳಿದರು.